ಹನ್ನೆರಡನೇ ಟಬ್ಬು

ತಾವರೆಯ ದಂಟನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಾರದು. ವಿಲಾಸಿನಿ ಚೇಚಿ ತಮ್ಮ ತಾರಸಿ ಹತ್ತಿದವರಿಗೆಲ್ಲ ಮೊದಲು ಹೇಳುತ್ತಿದ್ದ ಮಾತು ಇದು. ಗೆಡ್ಡೆ ಕೊಳ್ಳಲು ಬಂದವರಿಗೂ ಹೇಳುತ್ತಿದ್ದರು, ಬರೀ ಫೋಟೋ ತೆಗೆಯಲು ಬಂದವರಿಗೂ ಹೇಳುತ್ತಿದ್ದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನು ಒಮ್ಮೆ ಮೇಲೆ ಕರೆದುಕೊಂಡು ಹೋಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ದಂಟಿನೊಳಗೆ ಉದ್ದಕ್ಕೂ ತೂತುಗಳಿರುತ್ತವೆ, ಕೆಸರಿನೊಳಗಿನ ಗೆಡ್ಡೆ ಉಸಿರಾಡುವುದು ಅವುಗಳಿಂದಲೇ. ಒಣಗಿದ ಎಲೆ ತೆಗೆಯುವುದಾದರೆ ನೀರಿಗಿಂತ ನಾಲ್ಕು ಬೆರಳು ಮೇಲೆ ಕತ್ತರಿಸಬೇಕು. ಕೆಳಗೆ ಕತ್ತರಿಸಿದರೆ ತೂತಿನೊಳಗೆ ನೀರಿಳಿದು ಗೆಡ್ಡೆ ಉಸಿರುಗಟ್ಟಿ ಕೊಳೆಯುತ್ತದೆ. ಇಷ್ಟು ಹೇಳಿ, ಕೇಳಿದವರು ತಲೆಯಾಡಿಸಿದ ಮೇಲೇ ಅವರು ಹೂ ತೋರಿಸುತ್ತಿದ್ದದ್ದು.

ನಾನು ರಂಲ; ಅವರನ್ನು ನಾವು ಚೇಚಿ, ಅಂದರೆ ಅಕ್ಕ, ಎನ್ನುವಂತೆ ಕಿರಿಯರು ನನ್ನನ್ನು ರಂಲಿತ್ತ ಎನ್ನುತ್ತಾರೆ. ಚಾವಕ್ಕಾಡಿನಿಂದ ಕಡಲ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ವಾರ್ಡು, ಹದಿನಾಲ್ಕು ವರ್ಷದಿಂದ ನಾನಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರನ್ನು ವಿಚಾರಿಸಿಕೊಳ್ಳುವುದು, ಕೂಸುಗಳ ಚುಚ್ಚುಮದ್ದಿನ ದಿನ ನೆನಪಿಸುವುದು, ಮಳೆಗಾಲ ಬಂತೆಂದರೆ ಭಾನುವಾರ ಭಾನುವಾರ ಮನೆಮನೆಗೆ ಹೋಗಿ ನಿಂತ ನೀರು ಚೆಲ್ಲಿಸುವುದು. ಚೆಲ್ಲಿಸುವುದೆಂದರೆ ಬೈದು ಚೆಲ್ಲಿಸುವುದು. ಬಾಯಿಮಾತಿಗೆ ಯಾರು ಚೆಲ್ಲುತ್ತಾರೆ? ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ಟ್ರೇ, ಹಳೇ ಟೈರು, ಎಲ್ಲ ನೋಡಬೇಕು. ನೋಡಿದ ಮೇಲೆ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಕಾರ್ಡಿನಲ್ಲಿ ತಾರೀಕು ಹಾಕಿ, ಸೊಳ್ಳೆಮರಿ ಇದೆ ಅಥವಾ ಇಲ್ಲ ಎಂದು ಬರೆದು ಸಹಿ ಮಾಡಬೇಕು. ಇಂಥ ಕೆಲಸದವಳಿಗೆ, ತಾರಸಿಯ ಮೇಲೆ ಹನ್ನೆರಡು ಟಬ್ಬು ನೀರು, ಹಿತ್ತಲಲ್ಲಿ ಒಂದು ಸಿಮೆಂಟಿನ ಕೊಳ ಇಟ್ಟುಕೊಂಡ ಹೆಂಗಸು ಸಿಕ್ಕಿದರೆ ಹೇಗಿರಬೇಡ! ತಾವರೆ ಬಂದ ಮೊದಲ ವರ್ಷವೆಲ್ಲ ನಾವಿಬ್ಬರೂ ಜಗಳವಾಡಿದ್ದೇ ಆಡಿದ್ದು.

ಆಮೇಲೆ ಅವರು ಪ್ರತಿ ಟಬ್ಬಿಗೂ ಗಪ್ಪಿ ಮೀನು ಬಿಟ್ಟರು. ಉಗುರಿನಷ್ಟು ಮೀನು, ಸೊಳ್ಳೆಮರಿಯೆಂದರೆ ಪ್ರಾಣ ಅದಕ್ಕೆ. ನಾನು ಟಾರ್ಚು ಹಾಕಿ ಒಂದೊಂದು ಟಬ್ಬು ಬಗ್ಗಿ ನೋಡುತ್ತಿದ್ದರೆ ಚೇಚಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ನಿನ್ನ ಸರ್ಕಾರದ ಮದ್ದಿಗಿಂತ ನನ್ನ ಮೀನೇ ವಾಸಿ, ಅದಕ್ಕೂ ಒಂದು ಸಂಬಳ ಕೊಡಿಸು ಎಂದು ಕೆಣಕುತ್ತಿದ್ದರು. ನನಗೇ ಸರಿಯಾಗಿ ಸಂಬಳ ಬರುವುದಿಲ್ಲ, ಮೀನಿಗೆಲ್ಲಿಂದ ಕೊಡಿಸಲಿ ಎಂದು ನಾನು. ಹೀಗೆ ಜಗಳ ಹೋಗಿ ಸಲಿಗೆ ಬಂತು. ಸಲಿಗೆ ಬಂದದ್ದೇ ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ.

ಚೇಚಿಯ ಕೈ ನೋಡಿದರೆ ಅವರ ಬದುಕು ಗೊತ್ತಾಗುತ್ತಿತ್ತು. ಸಣ್ಣ ಹುಡುಗಿಯಿಂದಲೂ ಹಿನ್ನೀರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ ಬಡಿದು ನಾರು ತೆಗೆದ ಕೈ. ಗಂಡ ದಾಮೋದರನ್ ಕಳ್ಳು ಇಳಿಸುತ್ತಿದ್ದವರು, ಮದುವೆಯಾದ ಆರನೇ ವರ್ಷ ತೆಂಗಿನ ಮರದಿಂದ ಬಿದ್ದು ಹೋದರು. ಮಕ್ಕಳಿರಲಿಲ್ಲ. ಪಕ್ಕದ ಮನೆಯ ವೇಲಾಯುಧನ್ನನ ಹೆಂಡತಿ ತೀರಿಕೊಂಡಾಗ ಅವರ ಮಗಳು ಅಂಜುವಿಗೆ ನಾಲ್ಕು ವರ್ಷ. ಆ ಕೂಸು ಕಾಂಪೌಂಡ್ ಗೋಡೆಯ ಆಚೆ ನಿಂತು ಅಳುವುದನ್ನು ಮೂರು ದಿನ ಕೇಳಿದ ಚೇಚಿ, ನಾಲ್ಕನೇ ದಿನ ಸುತ್ತಿಗೆ ತಂದು ಗೋಡೆಯ ಕಲ್ಲು ಕಿತ್ತರು. ಮೈ ಓರೆ ಮಾಡಿದರೆ ಒಬ್ಬರು ದಾಟಬಹುದಾದಷ್ಟು ಸಂದಿ. ಅಂಜು ಬೆಳೆದದ್ದು ಆ ಸಂದಿಯಲ್ಲಿ ಹಾದೇ. ಮದುವೆಯಾದ ಮೇಲೂ ಅವಳು ಊರು ಬಿಡಲಿಲ್ಲ. ಗಂಡ ಬಿಜೇಶನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ, ಆಟೋ ಒಂದೇ ಆಸ್ತಿ. ಅದನ್ನು ತಂದು ಇದೇ ಅಂಗಳದಲ್ಲಿ ನಿಲ್ಲಿಸಿ ಇಲ್ಲೇ ಉಳಿದ. ವೇಲಾಯುಧನ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಬ್ಬರೇ.

ತಾವರೆಯ ಹುಚ್ಚು ಹತ್ತಿಸಿದ್ದೂ ಅಂಜುವೇ. ಲಾಕ್‌ಡೌನಿನ ವರ್ಷ ಫೋನಿನಲ್ಲಿ ಯಾರದೋ ತಾರಸಿ ತಾವರೆ ನೋಡಿ ಗೆಡ್ಡೆ ತರಿಸಿದಳು. ಒದ್ದೆ ಪೇಪರಿನಲ್ಲಿ ಸುತ್ತಿ ಬಂದ ಗೆಡ್ಡೆಯ ಮೊಳಕೆ ದಾರಿಯಲ್ಲೇ ಮುರಿದಿತ್ತು, ಸತ್ತಿತು. ಎರಡನೆಯದನ್ನು ಚೇಚಿ ತಾವೇ ಕೈಗೆತ್ತಿಕೊಂಡರು. ತಳಕ್ಕೆ ಒಣ ಸಗಣಿ, ಎಲುಬಿನ ಪುಡಿ, ಮೇಲೆ ಗದ್ದೆಯ ಮಣ್ಣು, ಅದರ ಮೇಲೆ ಮೊಳಕೆ ಹೊರಗಿರುವಂತೆ ಗೆಡ್ಡೆ ಮಲಗಿಸಿ ಗೇಣು ನೀರು. ಮೊದಲು ಕಾಸಿನಗಲದ ತೇಲುವ ಎಲೆ, ಆಮೇಲೆ ನೀರಿನಿಂದ ಎದ್ದು ನಿಲ್ಲುವ ಎಲೆ, ಆಮೇಲೆ ಮೊಗ್ಗು. ವರ್ಷ ತಿರುಗುವುದರಲ್ಲಿ ತಾರಸಿ ತುಂಬಿತು. ಆದರೆ ಹನ್ನೆರಡನೇ ಟಬ್ಬಿನ ಸಹಸ್ರದಳ ಮಾತ್ರ ಎಲೆ ಕೊಡುತ್ತಿತ್ತು, ಹೂ ಕೊಡುತ್ತಿರಲಿಲ್ಲ. ಅಂಜುವಿನ ವಿಷಯವೂ ಹಾಗೇ ಇತ್ತು. ಎಂಟು ವರ್ಷ ಮಾಡದ ಚಿಕಿತ್ಸೆಯಿಲ್ಲ, ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಚೇಚಿ ಒಂದು ದಿನ ಗುರುವಾಯೂರಿನಲ್ಲಿ ಹರಕೆ ಹೊತ್ತು ಬಂದರು: ಅಂಜುವಿಗೆ ಮಗುವಾಗಲಿ, ನನ್ನ ಕೈಯಾರೆ ಬೆಳೆದ ಸಾವಿರ ದಳದ ತಾವರೆ ತಂದು ಒಪ್ಪಿಸುತ್ತೇನೆ ಎಂದು.

ಅಂಜು ಬಸುರಿಯಾದಳು. ಈ ಸಲ ನಿಂತಿತು. ಏಳನೇ ತಿಂಗಳಿಗೆ ತವರಿನಿಂದ ತಿಂಡಿ ತರುವುದು ಪದ್ಧತಿಯಲ್ಲವೇ, ಚೇಚಿ ಎರಡು ದಿನ ಒಲೆ ಬಿಟ್ಟು ಏಳದೆ ಅಚ್ಚಪ್ಪ, ಉಣ್ಣಿಯಪ್ಪ ಕರಿದು ಬುಟ್ಟಿ ತುಂಬಿ, ಗೋಡೆಯ ಸಂದಿಯಲ್ಲಿ ಬುಟ್ಟಿ ಹಿಡಿಸದೆ ಸುತ್ತು ಬಳಸಿ ರಸ್ತೆಯ ಮೇಲಿಂದ ಹೊತ್ತು ತಂದರು. ದಾರಿಯುದ್ದಕ್ಕೂ ಎಲ್ಲರಿಗೂ ಕಾಣಲಿ ಎಂದೇ ಹಾಗೆ ಬಂದದ್ದು ಅಂತ ನಾನು ಛೇಡಿಸಿದೆ. ಹೌದೇ, ಕಾಣಲಿ, ನನಗೇನು ನಾಚಿಕೆ ಎಂದರು. ಅವತ್ತು ಅವರ ಮುಖದಲ್ಲಿದ್ದ ಬೆಳಕನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅದೇ ವಾರ ಹನ್ನೆರಡನೇ ಟಬ್ಬಿಗೆ ಗಟ್ಟಿ ಗೊಬ್ಬರ ಕೊಟ್ಟರು. ಗೊಬ್ಬರದ ಉರಿಗೆ ಮೀನು ಸಾಯುತ್ತದೆಂದು ಮೊದಲೇ ಅವನ್ನು ಹಿಡಿದು ಹಿತ್ತಲ ಕೊಳಕ್ಕೆ ಬಿಟ್ಟಿದ್ದರು. ಮೂರು ದಿನ ಬಿಟ್ಟು ನೀರು ಬದಲಿಸಿ ಮೀನು ವಾಪಸು ಬಿಡಬೇಕು, ಅದು ಕ್ರಮ. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರೊಳಗಿಂದ ಮೊಗ್ಗು ತಲೆಯೆತ್ತಿತ್ತು. ಮೊಗ್ಗು ಕಂಡ ಮೇಲೆ ಆ ನೀರಿಗೆ ಕೈ ಹಾಕುವಂತಿಲ್ಲ, ಹಾಕಿದರೆ ಮೊಗ್ಗು ಕರಟಿಹೋಗುತ್ತದೆ. ತಾರಸಿಯಲ್ಲಿ ತಾವರೆ ಬೆಳೆಸುವ ನಮ್ಮ ಹೆಂಗಸರೆಲ್ಲ ಹೀಗೇ ನಂಬುತ್ತಾರೆ. ಸಾವಿರ ದಳದ್ದಂತೂ ಮಿಥುನ ಮಾಸದ ಮಳೆಗೆ ಅರಳದೆ ಕೊಳೆಯುವುದೇ ಹೆಚ್ಚು. ಚೇಚಿ ಬಿದಿರು ಕಟ್ಟಿ ಪ್ಲಾಸ್ಟಿಕ್ ಹೊದಿಸಿದರು, ಗಾಳಿ ತಾಗದಂತೆ ಸುತ್ತ ದಾಮೋದರನ್ನರ ಹಳೇ ಪಂಚೆ, ಬಿಳೀ ಮುಂಡು, ಕಟ್ಟಿದರು. ಮೀನಿನ ನೆನಪು ಆ ಸಂಭ್ರಮದಲ್ಲಿ ಹಾರಿಹೋಯಿತು. ಮಳೆ ಬೀಳದ, ಗಾಳಿಯಾಡದ, ಮೀನಿಲ್ಲದ ನೀರು.

ದಿನಾ ಸಂಜೆ ಅಂಜುವನ್ನು ಮೇಲೆ ಕರೆದು, ಮುಂಡಿನ ಅಂಚು ಸರಿಸಿ ಮೊಗ್ಗು ತೋರಿಸಿ, ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸುತ್ತಿದ್ದರು. ನೋಡಿಕೊಂಡು ಕೂತಿರು, ಮಗು ಚೆನ್ನಾಗಿರುತ್ತದೆ ಎನ್ನುತ್ತಿದ್ದರು.

ಆ ಭಾನುವಾರ ನಾನು ಹೋದಾಗ ಧಾರಾಕಾರ ಮಳೆ. ಮೂವತ್ತು ಮನೆ ಮುಗಿದಿದ್ದವು, ಮಂಡಿ ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ತಾರಸಿ ಹತ್ತಿದೆ, ಅದನ್ನು ಹೇಳಲೇಬೇಕು. ಹನ್ನೊಂದು ಟಬ್ಬು ನೋಡಿದೆ. ಹನ್ನೆರಡನೆಯದರ ಬಟ್ಟೆಗೆ ಕೈ ಹಾಕಿದಾಗ ಚೇಚಿ ತಡೆದರು.

"ಎತ್ತಬೇಡ ಕಣೇ, ಮೊಗ್ಗಿದೆ. ನಿನ್ನ ಒದ್ದೆ ಕೊಡೆ, ನಿನ್ನ ಕಣ್ಣು, ಎರಡೂ ಬೀಳೋದು ಬೇಡ."

"ಮೀನಿದೆಯಾ ಇದರಲ್ಲಿ?"

"ಮೀನಿಲ್ಲದ ಟಬ್ಬು ನನ್ನ ಹತ್ರ ಯಾವುದಿದೆ, ಹೇಳು?"

ಅವರು ಸುಳ್ಳು ಹೇಳಲಿಲ್ಲ. ಇದೆ ಎಂದೇ ನಂಬಿದ್ದರು. ನಾನು ಕೆಳಗಿಳಿದು ಕಾರ್ಡಿನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿ, ಬೆಲ್ಲದ ಚಾಯ ಕುಡಿದು ಹೊರಟೆ. ಮುಂದಿನ ಭಾನುವಾರವೂ ಹಾಗೇ ಮಾಡಿದೆ. ಅಲ್ಲಿಂದ ಬಿಜೇಶನ ಮನೆಗೆ ಹೋಗಿ, ಆಟೋ ಶೆಡ್ಡಿನ ಹಿಂದೆ ಬಿದ್ದಿದ್ದ ಹಳೇ ಟೈರಿಗಾಗಿ ಅವನಿಗೆ ಎರಡೂ ಸಲ ಮುಖಮೂತಿ ನೋಡದೆ ಬೈದೆ. ನಾಳೆ ತೆಗೀತೀನಿ ರಂಲಿತ್ತ ಎಂದ ಅವನು, ತೆಗೆಯಲಿಲ್ಲ.

ಮೂರನೇ ವಾರ ಅಂಜುವಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು ಎಂದಳು. ನಾನೇ ಆಟೋ ಹತ್ತಿಸಿ ಕಳಿಸಿದೆ. ಡೆಂಗಿ. ತ್ರಿಶೂರಿನ ದೊಡ್ಡ ಆಸ್ಪತ್ರೆಯಲ್ಲಿ ಐದನೇ ದಿನ ಮಗು ಹೊಟ್ಟೆಯಲ್ಲೇ ಹೋಯಿತು. ಆರನೇ ದಿನ ಮಧ್ಯಾಹ್ನ ಅವಳೂ ಹೋದಳು. ಬಿಜೇಶನ ಮನೆಯ ಹಿತ್ತಲಿನ ತೆಂಕು ಮೂಲೆಯಲ್ಲಿ ಮಗುವನ್ನು ಹೂತು, ಅದರ ಪಕ್ಕದಲ್ಲೇ ಅವಳನ್ನು ಸುಟ್ಟರು. ಹೆಣ್ಣುಮಗು. ಚೇಚಿ ಚಿತೆಗೆ ಹಾಕಲು ತೆಂಗಿನ ಚಿಪ್ಪು ಆರಿಸಿ ಆರಿಸಿ ತರುತ್ತಿದ್ದರು.

ಮರುದಿನ ಬೆಳಿಗ್ಗೆ ಫೋನು ಬಂತು. ಸಾವಾಗಿರುವುದರಿಂದ ಹತ್ತು ಗಂಟೆಗೆ ಹೆಲ್ತ್ ಇನ್‌ಸ್ಪೆಕ್ಟರ್ ತಂಡದೊಂದಿಗೆ ಬಂದು ಸುತ್ತಲಿನ ಮನೆಗಳನ್ನೆಲ್ಲ ನೋಡುತ್ತಾರಂತೆ. ಎಂಟಕ್ಕೆ ಮುಂಚೆಯೇ ಚೇಚಿಯ ಮನೆಗೆ ಓಡಿದೆ. ಅವರು ಅಂಜುವಿನ ಮನೆಯಲ್ಲಿರುತ್ತಾರೆಂದುಕೊಂಡು ನೇರ ತಾರಸಿಗೆ ಹೋಗಿ ಹನ್ನೆರಡನೇ ಟಬ್ಬಿನ ಮುಂಡು ಎತ್ತಿದೆ. ಟಾರ್ಚು ಬೇಕಾಗಲಿಲ್ಲ. ನೀರಿನ ತುಂಬ ಸೊಳ್ಳೆಮರಿ, ಎಸರು ಕುದಿಯುವ ಹಾಗೆ.

ನಾನು ಆಗ ಮಾಡಿದ್ದನ್ನು ಬರೆಯುತ್ತಿದ್ದೇನೆ, ಬರೆಯುವುದು ಸುಲಭವಲ್ಲ. ಮಗ್ಗು ತೆಗೆದುಕೊಂಡು ಪಕ್ಕದ ಟಬ್ಬುಗಳಿಂದ ಮೀನು ತೋಡಿ ತೋಡಿ ಅದಕ್ಕೆ ಸುರಿದೆ. ನಾಲ್ಕು ಮಗ್ಗು, ಐದು ಮಗ್ಗು. ತಿರುಗಿ ನೋಡಿದರೆ ಮೆಟ್ಟಿಲ ಬಾಗಿಲಲ್ಲಿ ಚೇಚಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅದರಲ್ಲಿ ಮೀನಿರಲಿಲ್ವಾ?" ಎಂದರು.

ಅವರಿಗೆ ಒಂದೊಂದಾಗಿ ನೆನಪಾಗುವುದು ಮುಖದಲ್ಲೇ ಕಾಣುತ್ತಿತ್ತು: ಗೊಬ್ಬರ, ಬಕೆಟ್ಟು, ಹಿತ್ತಲ ಕೊಳ. ಅಲ್ಲೇ ಅಂಜುವಿನ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದರು. ನಾನು ಅವರ ತೋಳು ಹಿಡಿದು ಹೇಳತೊಡಗಿದೆ, ಬಾಯಿ ಬಿಡಬೇಡಿ ಚೇಚಿ, ಊರು ತುಂಬ ಸೊಳ್ಳೆ, ಇದರಿಂದಲೇ ಅಂತ ಯಾರು ಹೇಳೋಕಾಗುತ್ತೆ ಎಂದು. ಹೇಳಿದ್ದು ಅವರಿಗೆ, ಕಣ್ಣ ಮುಂದಿದ್ದದ್ದು ಬಾಗಿಲ ಹಿಂದಿನ ಕಾರ್ಡಿನ ನನ್ನ ಎರಡು ಸಹಿ.

ತಂಡ ಬರುವಷ್ಟರಲ್ಲಿ ಹಸಿದ ಮೀನುಗಳು ಕೆಲಸ ಮುಗಿಸಿದ್ದವು. ಇನ್‌ಸ್ಪೆಕ್ಟರ್ ಟಬ್ಬುಗಳಿಗೆ ಟಾರ್ಚು ಹಾಕಿ ನೋಡಿದರು, ಕಾರ್ಡು ನೋಡಿದರು, ಇಂಥ ಕಡೆ ಇಷ್ಟು ಶಿಸ್ತು ಕಂಡಿರಲಿಲ್ಲ ಎಂದು ನನ್ನನ್ನೇ ಹೊಗಳಿದರು. ಆಮೇಲೆ ಪಕ್ಕದ ಮನೆಗೆ ಹೋದರು. ಶೆಡ್ಡಿನ ಹಿಂದಿನ ಟೈರಿನಿಂದ ಸೌಟಿನಲ್ಲಿ ನೀರು ತೋಡಿ, ಬಿಳೀ ಬೋಗುಣಿಗೆ ಹಾಕಿ ಬಿಜೇಶನ ಮುಂದೆ ಹಿಡಿದರು. ಅದರಲ್ಲಿ ಏಳೋ ಎಂಟೋ ಮರಿ ಓಡಾಡುತ್ತಿದ್ದವು. ಬಿಜೇಶ ಬೋಗುಣಿಯನ್ನು ನೋಡಿದ, ನನ್ನನ್ನು ನೋಡಿದ.

"ನೀವು ಎರಡು ಸಲ ಹೇಳಿದ್ರಿ ರಂಲಿತ್ತ," ಎಂದ.

ಆಮೇಲೆ ಅವನದು ಅದೊಂದೇ ಮಾತಾಯಿತು. ಮಾತಾಡಿಸಲು ಬಂದವರಿಗೆಲ್ಲ, ನನ್ನ ಟೈರು, ನಾನೇ ಕೊಂದೆ ಎನ್ನುತ್ತಿದ್ದ. ಗಂಜಿ ಮುಂದಿಟ್ಟರೆ ಹಾಗೇ ಆರಿಹೋಗುತ್ತಿತ್ತು. ಹದಿಮೂರನೇ ದಿನ ಆಟೋದ ಬೀಗದಕೈಯನ್ನು ಸ್ಟ್ಯಾಂಡಿನ ಗೆಳೆಯನಿಗೆ ಕೊಟ್ಟು, ಇನ್ನು ನನಗೆ ಬೇಡ, ನೀನೇ ಇಟ್ಟುಕೋ ಎಂದನಂತೆ. ಇಂಥದ್ದು ಕೇಳಿದರೆ ಹುಷಾರಾಗಿರಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಗೆಳೆಯರು ಸರದಿಯ ಮೇಲೆ ಅವನ ಜೊತೆ ಮಲಗತೊಡಗಿದರು. ಶೆಡ್ಡಿನಲ್ಲಿದ್ದ ಹಗ್ಗವನ್ನು ನಾನೇ ತೆಗೆದುಕೊಂಡು ಹೋದೆ. ಹಗ್ಗ ತೆಗೆಯುವಷ್ಟು ಧೈರ್ಯವಿತ್ತು, ಬಾಯಿ ತೆಗೆಯುವಷ್ಟು ಇರಲಿಲ್ಲ.

ಹದಿನಾರರ ಕರ್ಮ ಮುಗಿದ ಮರುದಿನ ಬೆಳಿಗ್ಗೆ ಚೇಚಿ ಕರೆಸಿದರು. ತಾರಸಿಗೆ ಹೋದೆ. ಅವರು ಸಣ್ಣ ಮಣೆಯ ಮೇಲೆ ಕೂತು, ಕುಡುಗೋಲು ಹಿಡಿದು, ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಅದ್ದಿ ದಂಟುಗಳನ್ನು ಕೊಯ್ಯುತ್ತಿದ್ದರು. ಹನ್ನೊಂದು ಟಬ್ಬು ಮುಗಿದಿದ್ದವು. ಎಲೆ, ಹೂ, ಮೊಗ್ಗು ಎಲ್ಲ ನೀರಿನ ಮೇಲೆ ಬಿದ್ದಿದ್ದವು, ದಂಟಿನ ಒಂದು ತುದಿಯೂ ಮೇಲೆ ಕಾಣುತ್ತಿರಲಿಲ್ಲ. ಬೇರೆ ಯಾರಾದರೂ ನೋಡಿದ್ದರೆ ಮುದುಕಿ ಟಬ್ಬು ಚೊಕ್ಕಟ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ನಾನಾದರೋ ಅವರ ಆ ಮೊದಲ ಮಾತು ಕೇಳಿದವಳು.

"ಬಿಜೇಶನಿಗೆ ಹೇಳ್ತೀನಿ," ಎಂದರು, ತಲೆಯೆತ್ತದೆ.

ನಾನು ಬೇಡಿಕೊಂಡೆ. ನಾಚಿಕೆಯಿಲ್ಲದೆ ಬೇಡಿಕೊಂಡೆ. ಕೆಲಸ ಹೋಗುತ್ತದೆ, ಊರವರು ಹರಿದು ತಿನ್ನುತ್ತಾರೆ, ಟೈರಿನಲ್ಲೂ ಮರಿ ಇದ್ದದ್ದು ನಿಜವಲ್ಲವೇ, ಯಾವ ಸೊಳ್ಳೆ ಎಲ್ಲಿಯದೋ ಹುಟ್ಟಿಸಿದವನಿಗೇ ಗೊತ್ತು ಎಂದೆಲ್ಲ ಹೇಳಿದೆ. ಅವರು ಕೊನೆಯ ಟಬ್ಬಿಗೆ ಕೈಯಿಳಿಸಿ ಸಹಸ್ರದಳದ ಮೊಗ್ಗನ್ನೂ ಕೊಯ್ದರು. ಅದು ಅರಳಿರಲಿಲ್ಲ, ಮುಷ್ಟಿ ಗಾತ್ರಕ್ಕೆ ಬಂದು ಕಪ್ಪಾಗಿತ್ತು.

"ನಿನ್ನ ಹೆಸರು ಯಾಕೆ ಬರುತ್ತೆ? ಮೀನು ತೆಗೆದವಳು ನಾನು, ಅವಳನ್ನ ಕರೆದು ಕೂರಿಸಿದವಳೂ ನಾನು. ಆ ಹುಡುಗ ಸತ್ತರೆ ನಾವು ಮೂರನೆಯದನ್ನೂ ನೋಡಬೇಕು. ಹೋಗಿ ಕರ್ಕೊಂಡು ಬಾ."

ಗೋಡೆಯ ಸಂದಿಯಲ್ಲಿ ಹೋಗಿ ಬಿಜೇಶನನ್ನು ಕರೆತಂದೆ. ಹದಿನೇಳು ದಿನದ ಗಡ್ಡ, ಅಂಗಿ ಮೈಮೇಲೆ ಜೋತಾಡುತ್ತಿತ್ತು. ಚೇಚಿ ಅವನನ್ನು ಕೂರಲು ಹೇಳಲಿಲ್ಲ, ತಾವೂ ಎದ್ದು ನಿಂತರು. ಗೊಬ್ಬರ ಹಾಕಿದ್ದು, ಮೀನು ತೆಗೆದದ್ದು, ಮರೆತದ್ದು, ಮೊಗ್ಗಿನ ಹೆದರಿಕೆಗೆ ನೀರು ಮುಟ್ಟದೆ ಬಿಟ್ಟದ್ದು, ಅದರ ಪಕ್ಕದಲ್ಲೇ ದಿನಾ ಅಂಜುವನ್ನು ಕೂರಿಸಿದ್ದು, ಯಾವುದನ್ನೂ ತೇಲಿಸದೆ ಹೇಳಿದರು. ಟಬ್ಬಿನ ತುಂಬ ಮರಿಯಿತ್ತು, ನಾನೇ ಕಣ್ಣಾರೆ ನೋಡಿದೆ, ಇನ್‌ಸ್ಪೆಕ್ಟರ್ ಬರುವ ಮುಂಚೆ ಮೀನು ಸುರಿದೆ ಎಂದರು. ಸುರಿದೆ ಎಂದರು. ನನ್ನ ಕೈಯನ್ನು ಅವರ ಕೈ ಮಾಡಿಕೊಂಡರು.

"ನಿನ್ನ ಟೈರಲ್ಲಿ ಏಳೆಂಟು ಇದ್ದವು ಮೋನೆ. ಇದರಲ್ಲಿ ಎಣಿಸೋಕಾಗ್ತಿರಲಿಲ್ಲ. ಕೊಂದವಳು ನಾನು. ನೀನಲ್ಲ."

ಬಿಜೇಶ ಆ ಕರಿ ಮೊಗ್ಗನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಕಾರ್ಡಲ್ಲಿ ಇಲ್ಲ ಅಂತ ಇತ್ತಲ್ಲ ರಂಲಿತ್ತ. ನೀವು ನೋಡಿದ್ರಿ ಅಲ್ವಾ?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಚೇಚಿ ನಡುವೆ ಬಂದರು.

"ಅವಳು ನೋಡಿದಾಗ ಮೀನಿತ್ತು. ನಾನು ತೆಗೆದದ್ದು ಆಮೇಲೆ."

ಬಿಜೇಶ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ.

ಅವನು ಕೂಗಾಡಲಿಲ್ಲ. ಕೆಳಗಿಳಿದು ಹೋದ. ಎರಡು ದಿನದ ನಂತರ ಗೆಳೆಯನಿಂದ ಬೀಗದಕೈ ವಾಪಸು ತೆಗೆದುಕೊಂಡ. ಮೊದಲ ಬಾಡಿಗೆಯ ದುಡ್ಡಿನಲ್ಲಿ ಸಿಮೆಂಟು ಕಲ್ಲು ತಂದು, ಇಪ್ಪತ್ತೆಂಟು ವರ್ಷ ತೆರೆದಿದ್ದ ಗೋಡೆಯ ಸಂದಿಯನ್ನು ತಾನೇ ಕೂತು ಕಟ್ಟಿ ಮುಚ್ಚಿದ. ಚೇಚಿ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕೊನೆಯ ಕಲ್ಲಿನವರೆಗೂ ನೋಡಿದರು. ಊರಿಗೆ ಸುದ್ದಿ ಹರಡಿತು. ಈಗ ಅವರ ಮನೆಗೆ ಯಾರೂ ಹೋಗುವುದಿಲ್ಲ. ಮಗುವಿನ ಕೈಹಿಡಿದ ತಾಯಂದಿರು ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ.

ಹದಿನೈದು ದಿನಕ್ಕೆ ಟಬ್ಬುಗಳ ನೀರು ಕಪ್ಪಾಗಿ ನಾರಿತು. ಚೇಚಿ ಮೀನುಗಳನ್ನು ಹಿತ್ತಲ ಕೊಳಕ್ಕೆ ಬಿಟ್ಟು, ಕೊಳೆತ ಗೆಡ್ಡೆಗಳನ್ನು ಬುಟ್ಟಿಯಲ್ಲಿ ಇಳಿಸಿ ಹೂತು, ಹನ್ನೆರಡೂ ಟಬ್ಬನ್ನು ತೊಳೆದು ತಾರಸಿಯ ಮೇಲೆ ಸಾಲಾಗಿ ಬೋರಲು ಹಾಕಿದರು. ಆ ಭಾನುವಾರ ನಾನು ಹೋದಾಗ ಬಾಗಿಲ ಹಿಂದಿನ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. ಪೆನ್ನಿಗೆ ಚೀಲಕ್ಕೆ ಕೈ ಹಾಕಿದೆ.

"ಮೇಲೆ ಹೋಗಿ ನೋಡಿ ಬಂದು ಬರಿ," ಎಂದರು.

ಅದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಈಗ ಪ್ರತಿ ಭಾನುವಾರ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತೇನೆ. ಬೋರಲು ಹಾಕಿದ ಹನ್ನೆರಡು ಟಬ್ಬುಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿ ನೋಡುತ್ತೇನೆ. ಒಣ ಸಿಮೆಂಟು ಬಿಟ್ಟರೆ ಏನಿರುತ್ತದೆ? ಆದರೂ ಎತ್ತುತ್ತೇನೆ. ಕೆಳಗಿಳಿದು ‘ಇಲ್ಲ’ ಎಂದು ಬರೆದು ಸಹಿ ಮಾಡುತ್ತೇನೆ. ಚೇಚಿ ಕಾರ್ಡನ್ನು ಮೊಳೆಗೆ ಸಿಕ್ಕಿಸಿ ಬಾಗಿಲು ಮುಂದೆ ಮಾಡುತ್ತಾರೆ.

ಅಲ್ಲಿಂದ ರಸ್ತೆಗೆ ಬಂದು ಸುತ್ತಿಕೊಂಡು ಬಿಜೇಶನ ಮನೆಗೆ ಹೋಗಬೇಕು. ಅವನ ಅಂಗಳದಲ್ಲಿ ಈಗ ಒಂದು ಚಿಪ್ಪೂ ಸಿಗುವುದಿಲ್ಲ. ನನ್ನನ್ನು ಕಂಡರೆ ಎದ್ದು ಕುರ್ಚಿ ಹಾಕುತ್ತಾನೆ, ಮಂಡಿ ಹೇಗಿದೆ ಎಂದು ವಿಚಾರಿಸುತ್ತಾನೆ. ನೀವೊಬ್ಬರು ಸರಿಯಾಗಿ ಹೇಳಿದ್ರಿ ರಂಲಿತ್ತ, ನಿಮ್ಮ ಮಾತು ಯಾರೂ ಕೇಳಲಿಲ್ಲ ಎನ್ನುತ್ತಾನೆ. ಚಾಯ ಮಾಡಿಕೊಡುತ್ತಾನೆ. ನಾನು ಕೂತು ಪೂರ್ತಿ ಕುಡಿದು ಮುಂದಿನ ಮನೆಗೆ ಹೋಗುತ್ತೇನೆ.